ಸೊಂಟ ತಿರುವಿದ ಪೈಪು

ನಮ್ಮ ಸೋದರಮಾವನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಎರಡೇ ಜಾತಿಯ ಮನುಷ್ಯರಿದ್ದರು. ಸೋರುವವರು ಒಂದು ಜಾತಿ, ಇನ್ನೂ ಸೋರದವರು ಇನ್ನೊಂದು. ಮೂರನೆಯದು ಇಲ್ಲ. ನೀವು ಎಷ್ಟೇ ದೊಡ್ಡ ಮನುಷ್ಯರಿರಿ, ಮೊದಲ ಸಲ ಭೇಟಿಯಾದಾಗ ಅವನು ನಿಮ್ಮ ಮುಖ ನೋಡುತ್ತಿರಲಿಲ್ಲ. ಕುತ್ತಿಗೆ, ಮೊಣಕೈ, ಮೊಣಕಾಲು, ಹೀಗೆ ಜೋಡಣೆ ಇರುವ ಕಡೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸುತ್ತಿದ್ದ.

"ನಟ್ಟನಡುವ ಯಾವುದೂ ಸೋರಂಗಿಲ್ಲ. ಸೋರೋದೇನಿದ್ರೂ ಜಾಯಿಂಟಿನಾಗ," ಅನ್ನುತ್ತಿದ್ದ. ಹೇಳುವ ಜಾಗ ನೋಡಿ ಹೇಳಿದರೆ ಚಿಂತೆಯಿಲ್ಲ. ಅವನು ಇದನ್ನು ಮದುವೆಯಲ್ಲಿ ಹೇಳುತ್ತಿದ್ದ. ಅಕ್ಷತೆ ಹಾಕುವಾಗ. ಮದುಮಕ್ಕಳ ಮುಂದೆ!

ಮಾವ ಪೈಪ್ ಫಿಟ್ಟರ್. ಮಹಾರಾಷ್ಟ್ರದ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಉಗಿಯ ಪೈಪು ಜೋಡಿಸಿ, ಅದು ಮುಚ್ಚಿದ ಮೇಲೆ ಅಫಜಲಪುರಕ್ಕೆ ಬಂದು ಕೂತ. ಕೂತ ಅನ್ನುವುದು ಮಾತಿಗೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನಲ್ಲಿ ಎಲ್ಲಿ ಬಾಯ್ಲರ್ ಇಟ್ಟರೂ, ಎಲ್ಲಿ ಪಂಪು ಕೂಡಿಸಿದರೂ ಅವನಿಗೆ ಕರೆ ಬರುತ್ತಿತ್ತು. ಬೈಯುತ್ತಲೇ ಕರೆಯುತ್ತಿದ್ದರು, ಆದರೆ ಕರೆಯುತ್ತಿದ್ದರು.

ಇಂಥ ಮನುಷ್ಯನ ಒಂದೇ ಒಂದು ಸಹಿಯ ಮೇಲೆ ನನ್ನ ಇಡೀ ನೌಕರಿ ತೂಗಾಡಿದ್ದು ನನ್ನ ಹಣೆಬರಹ. ಅವನು ಸಹಿ ಹಾಕಿದರೆ ನಾನು ಜೇವರ್ಗಿಯ ಎಣ್ಣೆ ಗಿರಣಿಯಲ್ಲಿ ಕಾಯಂ. ಹಾಕದಿದ್ದರೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮತ್ತೆ ದಿನಗೂಲಿ. ಕೇಳಿದಾಗ ಅವನು ಸಹಿ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅನ್ನುವುದು ತಿಳಿಯಬೇಕಾದರೆ ಆಸಾಮಿ ಎಂಥವನು ಅನ್ನುವುದು ಮೊದಲು ತಿಳಿಯಬೇಕು.

ಒಂದೂವರೆ ಪಟ್ಟು ಅನ್ನುವುದು ಅವನ ಧರ್ಮವಾಗಿತ್ತು. ಹೊಸ ಪೈಪ್‌ಲೈನು ಹಾಕಿದ ಮೇಲೆ ಅದರಲ್ಲಿ ನೀರು ತುಂಬಿಸಿ, ಮುಂದೆ ಎಷ್ಟು ಒತ್ತಡದಲ್ಲಿ ಅದು ದುಡಿಯಬೇಕೋ ಅದರ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡಬೇಕು ಅಂತ ಒಂದು ನಿಯಮ ಇದೆ. ಅದು ಪೈಪಿನ ನಿಯಮ. ಮಾವ ಅದನ್ನು ಪೈಪಿಗೆ ಮಾತ್ರ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಅತ್ತೆ ಒಂದು ಹೊಸ ಮಂಚ ಮಾಡಿಸಿದಳು. ಬಡಿಗೇರ ಅದನ್ನು ತಂದು ಅಂಗಳದಲ್ಲಿ ಇಳಿಸಿ, ಬೆವರು ಒರೆಸಿಕೊಂಡು ಚಹಾಕ್ಕೆ ಕಾಯುತ್ತ ಕೂತಿದ್ದ. ಮಾವ ಒಳಗಿನಿಂದ ಒಂದು ಜೋಳದ ಚೀಲ ಎಳೆದು ತಂದು ಮಂಚದ ಮೇಲೆ ಇಟ್ಟ. ಇನ್ನೊಂದು ತಂದ. ಎರಡನೆಯದರಿಂದ ಎರಡು ಸೇರು ತೆಗೆದು ಕೆಳಗೆ ಸುರಿದ. ಲೆಕ್ಕ ಪಕ್ಕಾ ಇರಬೇಕಲ್ಲ? ಅದಕ್ಕಾಗಿ ಹಿಂದಿನ ದಿನವೇ ಅಡತಿ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಅತ್ತೆಯನ್ನು ಕೂಡಿಸಿ ತೂಕ ಮಾಡಿಸಿಕೊಂಡು ಬಂದಿದ್ದ. ಅತ್ತೆ ಆಮೇಲೆ ಎಂಟು ದಿನ ಮಾತು ಬಿಟ್ಟಿದ್ದಳು.

ಬಡಿಗೇರ ಕೇಳಿದ: "ಯಜಮಾನ್ರ, ಈ ಮಂಚದ ಮ್ಯಾಲ ಮಲಗವರು ನೀವೋ, ಚೀಲೋ?"

"ನಾವ."

"ಮತ್ತ ಚೀಲಾ ಯಾಕ ಹೇರಾಕತ್ತೀರಿ?"

"ನಾವ ಮಲಗತೇವಿ ಅಂತನ."

ಅಷ್ಟರಲ್ಲಿ ಒಂದು ಕಾಲು ಕಿರ್ರೆಂದು ಹೊರಳಿ ಮಂಚ ನೆಲಕ್ಕೆ ಮೊಣಕಾಲೂರಿತು. ಬಡಿಗೇರನ ಮುಖ ಸಣ್ಣದಾಯಿತು. ಮಾವನ ಮುಖ ಅರಳಿತು.

"ಮುರೀಲಿ ಬಿಡೋ," ಅಂದ. "ಮುರಿಯೋದಿದ್ರ ನಾ ಎಚ್ಚರ ಇದ್ದಾಗ ಮುರೀಬೇಕು. ಛಲೋ ಆತು."

ಬಡಿಗೇರ ಹಟಕ್ಕೆ ಬಿದ್ದು ಮತ್ತೊಂದು ಮಂಚ ಮಾಡಿದ. ಅದು ಇವತ್ತಿಗೂ ಇದೆ. ನಾಲ್ಕು ಮಂದಿ ಸೇರಿ ಎಳೆದರೂ ಅಲುಗಾಡುವುದಿಲ್ಲ. ಹಾಗಾಗಿ ಅದರ ಕೆಳಗೆ ಇವತ್ತಿನವರೆಗೆ ಯಾರೂ ಕಸ ಗುಡಿಸಿಲ್ಲ.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಇದೇ ಆಯಿತು. ಹುಡುಗ ಒಂದು ಹೊತ್ತಿಗೆ ನಾಲ್ಕು ರೊಟ್ಟಿ ತಿನ್ನುತ್ತಾನೆ ಅಂತ ಮಾವ ಅವರ ಓಣಿಯಲ್ಲಿ ವಿಚಾರಿಸಿ ಇಟ್ಟುಕೊಂಡಿದ್ದ. ಎದುರಿಗೇ ಕೂತು ಆರು ಹಾಕಿಸಿದ. ಹುಡುಗ ಪಾಪ, ಆಗುವ ಮಾವನಿಗೆ ಬೇಡ ಅನ್ನುವುದು ಹೇಗೆ? ಶೇಂಗಾ ಹಿಂಡಿ ಹಚ್ಚಿಕೊಂಡು, ನಡುನಡುವೆ ಮಜ್ಜಿಗೆ ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು ಆರನ್ನೂ ಮುಗಿಸಿದ. ಮಾವ ಅಡುಗೆಮನೆಗೆ ಬಂದು ಅತ್ತೆಯ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ತಡದ." ಸಂಬಂಧ ಗಟ್ಟಿಯಾಯಿತು.

ಇನ್ನು ಬೋಲ್ಟು ಬಿಗಿಯುವ ಕಥೆ. ಎರಡು ಪೈಪುಗಳ ತುದಿಗೆ ತಟ್ಟೆಯಂಥದು ಇರುತ್ತದೆ, ಅದಕ್ಕೆ ಫ್ಲ್ಯಾಂಜ್ ಅನ್ನುತ್ತಾರೆ. ಎರಡು ತಟ್ಟೆಗಳ ನಡುವೆ ಸೋರದಂತೆ ಗ್ಯಾಸ್ಕೆಟ್ ಅನ್ನುವ ಮೆತ್ತನೆಯ ಬಿಲ್ಲೆ ಇಟ್ಟು ಸುತ್ತ ಎಂಟು ಬೋಲ್ಟು ಹಾಕಬೇಕು. ನಾವು ನೀವಾದರೆ ಒಂದರ ಪಕ್ಕ ಒಂದು ಬಿಗಿಯುತ್ತ ಹೋಗುತ್ತೇವೆ. ಮಾವ ಹಾಗೆ ಬಿಗಿದವರ ಕೈ ಮೇಲೆ ಬೋಲ್ಟು ತಿರುಗಿಸುವ ಪಾನಾದಿಂದ ತಟ್ಟುತ್ತಿದ್ದ. ಒಂದನ್ನು ಸ್ವಲ್ಪ ಬಿಗಿದು, ಅದರ ಎದುರಿನದನ್ನು ಸ್ವಲ್ಪ ಬಿಗಿಯಬೇಕು. ಹೀಗೇ ಎದುರು ಬದುರು ಸುತ್ತುತ್ತ ಬರಬೇಕು. "ಒಂದ ಕಡಿ ಪೂರಾ ಬಿಗದ್ರ ಇನ್ನೊಂದ ಕಡಿ ಬಾಯಿ ತೆರೀತದ," ಅನ್ನುತ್ತಿದ್ದ.

ಹಿರೋಳ್ಳಿಯಲ್ಲಿ ನಮ್ಮ ಸಂಬಂಧಿಕರಾದ ಅಣ್ಣ ತಮ್ಮ ಇಬ್ಬರು ಒಂದು ಅಡ್ಡಗೋಡೆಯ ಸಲುವಾಗಿ ಜಗಳಾಡಿ ಎರಡು ವರ್ಷ ಮಾತು ಬಿಟ್ಟಿದ್ದರು. ಹಿರಿಯರು ಹೋದರು, ಸ್ವಾಮಿಗಳು ಹೋದರು. ಎಲ್ಲರೂ ಅಣ್ಣನ ಮನೆಯಲ್ಲಿ ಅರ್ಧ ದಿನ ಕೂತು ಬುದ್ಧಿ ಹೇಳುತ್ತಿದ್ದರು, ಅಷ್ಟರಲ್ಲಿ ತಮ್ಮ ಸಿಟ್ಟಾಗಿ ಹೊಲಕ್ಕೆ ಹೋಗಿಬಿಡುತ್ತಿದ್ದ. ಮಾವ ಹೋದ. ಅಣ್ಣನ ಮನೆಯಲ್ಲಿ ಒಂದು ಕಪ್ಪು ಚಹಾ ಕುಡಿದು ಎರಡು ಮಾತಾಡಿ ಎದ್ದ. ಎದುರು ಮನೆಗೆ ಹೋಗಿ ತಮ್ಮನ ಹತ್ತಿರ ಒಂದು ಕಪ್ಪು, ಎರಡು ಮಾತು. ಮತ್ತೆ ಅಣ್ಣನ ಮನೆ. ಮತ್ತೆ ತಮ್ಮನ ಮನೆ. ಬಿಸಿಲು ಇಳಿಯುವುದರೊಳಗೆ ಎಂಟು ಸುತ್ತು ಆಯಿತು. ಒಂಬತ್ತನೆಯ ಸಲ ಬೀದಿ ದಾಟುತ್ತಿದ್ದಾಗ ತಮ್ಮ ತಾನೇ ಬಾಗಿಲಿಗೆ ಬಂದು ಎದುರು ಮನೆಗೆ ಕೂಗಿದ:

"ಅಣ್ಣಾ, ಇಂವ ಇನ್ನೊಂದ ಸಲ ಬಂದ್ರ ನಮ್ಮ ಮನ್ಯಾಗ ಸಕ್ಕರಿ ಇಲ್ಲ ನೋಡು. ನಿಮ್ಮ ಮನ್ಯಾಗ?"

"ಆಗಲೇ ಮುಗದದ," ಅಂದ ಅಣ್ಣ.

ಎರಡು ವರ್ಷಕ್ಕೆ ಅವರು ಆಡಿದ ಮೊದಲ ಮಾತು ಅದು. ಮಾವ ಟವೆಲ್ಲು ಝಾಡಿಸಿ ಬಸ್ಸಿಗೆ ಹೊರಟ.

ಈಗ ಪುಸ್ತಕ. ಕಾರ್ಖಾನೆ ಬಿಡುವಾಗ ಮಾವ ತಂದದ್ದು ಒಂದು ಪಾನಾ, ಒಂದು ಒತ್ತಡದ ಗಡಿಯಾರ, ಮತ್ತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಯಾವ ಪೈಪು ಎಷ್ಟು ದಪ್ಪ ಇರಬೇಕು, ಯಾವ ಫ್ಲ್ಯಾಂಜಿಗೆ ಎಷ್ಟು ಬೋಲ್ಟು, ಎಲ್ಲ ಅದರಲ್ಲಿ ಕೋಷ್ಟಕ ಹಾಕಿ ಬರೆದಿದ್ದರು. ಮಾವ ಅದಕ್ಕೆ ಸ್ಟ್ಯಾಂಡರ್ಡ್ ಅನ್ನುತ್ತಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿ ಲಿಂಗಪೂಜೆಯ ಗೋಡೆಯ ಮಾಡದಲ್ಲಿ ವಿಭೂತಿಯ ಪಕ್ಕ ಇಡುತ್ತಿದ್ದ. ನಾಲ್ಕನೆಯ ಇಯತ್ತೆ ಓದಿದ ಮನುಷ್ಯ, ಇಂಗ್ಲಿಷು ಬರುತ್ತಿರಲಿಲ್ಲ. ಆದರೂ ಬೇಕಾದ ಪುಟ ಕಣ್ಣು ಮುಚ್ಚಿ ತೆಗೆಯುತ್ತಿದ್ದ. ಹೇಗೆ ಅಂತೀರಿ? ಗ್ರೀಸಿನ ಕಲೆಯಿಂದ. ಬಾಳೆಹಣ್ಣಿನಂಥ ಕಲೆ ಇದ್ದರೆ ಫ್ಲ್ಯಾಂಜು, ಮೂರು ಬೆರಳಿನ ಗುರುತು ಇದ್ದರೆ ಪೈಪಿನ ದಪ್ಪ.

ತೊಂದರೆ ಅಂದರೆ ಕಲೆ ಬೀಳದ ಪುಟಗಳೇ ಪುಸ್ತಕದಲ್ಲಿ ಜಾಸ್ತಿ ಇದ್ದವು. ಅವನ್ನು ಓದಲು ಅವನಿಗೆ ಒಬ್ಬ ಮನುಷ್ಯ ಬೇಕಾಗಿದ್ದ. ಅವನ ಕಣ್ಣು ನನ್ನ ಮೇಲೆ ಬಿತ್ತು.

ನನಗಾಗ ಹತ್ತೊಂಬತ್ತು. ಅಪ್ಪ ಬೇಗ ತೀರಿಕೊಂಡಿದ್ದ, ಅವ್ವ ಮತ್ತು ನಾನು ಕೂಲಿಯಿಂದ ಬದುಕಿದವರು. ಶಾಲೆಯ ಕಟ್ಟೆಯ ಮೇಲೆ ಕೂತದ್ದುಂಟು, ಒಳಗೆ ಹೋದದ್ದಿಲ್ಲ. ಮಾವ ನನ್ನನ್ನು ಹಗಲು ಪೈಪಿನ ಕೆಲಸಕ್ಕೆ ಹಚ್ಚಿ, ವೆಲ್ಡಿಂಗ್ ಕಲಿಸಿ, ಸಂಜೆ ಶಾಲೆಗೆ ಹೆಸರು ಬರೆಸಿದ. ಮಾಸ್ತರರಿಗಿಂತ ನನ್ನ ಮೀಸೆ ದೊಡ್ಡದಿತ್ತು. ಮೊದಲ ದಿನ ಅವರೇ ಎದ್ದು ನಿಂತು, "ಯಾರ ಪಾಲಕರ್ರಿ ನೀವು?" ಅಂತ ಕೇಳಿದರು.

ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಮಾವ ಪುಸ್ತಕ ಬಿಚ್ಚಿ ಮುಂದೆ ಇಟ್ಟ. ನಾನು ಓದಿದೆ. ಓದಿ ಗಾಬರಿಯಾದೆ. ಎರಡು ಇಂಚಿನ ಪೈಪು ಅಂತ ನಾವು ದಿನಾ ಹೊರುತ್ತಿದ್ದೆವಲ್ಲ, ಅದರ ಹೊರಗಿನ ಅಳತೆ ಎರಡಕ್ಕಿಂತ ಹೆಚ್ಚು. ಒಳಗಿನ ಅಳತೆಯೂ ಎರಡಲ್ಲ.

"ಮಾವಾ, ಹೊರಗೂ ಎರಡಿಲ್ಲ, ಒಳಗೂ ಎರಡಿಲ್ಲ. ಹಂಗಾದ್ರ ಎರಡಿಂಚು ಎಲ್ಲಿ ಅದ?"

ಮಾವ ಸ್ವಲ್ಪವೂ ಅಲುಗಾಡಲಿಲ್ಲ. "ಪುಸ್ತಕದಾಗ ಅದ," ಅಂದ.

ಈ ವಿದ್ಯೆಯಿಂದಲೇ ನಾನು ಮೊದಲ ಸಲ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂತು ಫೇಲಾದೆ. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಎರಡು ಇಂಚು ವ್ಯಾಸದ ಕೊಳವೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ಕೇಳಿದ್ದರು. ನಾನು ಉತ್ತರದ ಜಾಗದಲ್ಲಿ, 'ಒಳಗಿನ ವ್ಯಾಸವೋ ಹೊರಗಿನದೋ ತಿಳಿಸಿಲ್ಲ, ಗೋಡೆಯ ದಪ್ಪದ ನಂಬರು ಕೊಟ್ಟಿಲ್ಲ, ಇಂಥ ಪೈಪು ಖರೀದಿ ಮಾಡಬಾರದು' ಅಂತ ಬರೆದು ಬಂದೆ. ಫಲಿತಾಂಶ ಬಂದಾಗ ಅವ್ವ ಅತ್ತಳು. ಮಾವ ಪೇಢೆ ತಂದ. "ಬರಾಬರಿ ಬರದಾನ," ಅಂದ. ಮೂರನೆಯ ಸಲಕ್ಕೆ ಪಾಸಾದೆ. ಅದೂ ಪುಸ್ತಕ ಮರೆತು ಬರೆದದ್ದರಿಂದ.

ಹೀಗೆ ಇಪ್ಪತ್ತಾರಕ್ಕೆ ಹತ್ತನೆಯ ಇಯತ್ತೆ ಪಾಸಾದ ನನಗೆ ಮರು ವರ್ಷ ಜೇವರ್ಗಿಯಲ್ಲಿ ಅದೃಷ್ಟ ತೆರೆಯಿತು. ಒಬ್ಬ ಸಾವಕಾರರು ಅಲ್ಲಿ ಹೊಸದಾಗಿ ಎಣ್ಣೆ ಗಿರಣಿ ಹಾಕುತ್ತಿದ್ದರು. ಕುಸುಬಿಯನ್ನು ಉಗಿಯಲ್ಲಿ ಬೇಯಿಸಿ ಆಮೇಲೆ ಹಿಂಡುವ ಗಿರಣಿ. ಅಂಗಳದ ಈ ತುದಿಗೆ ಬಾಯ್ಲರ್ ಮನೆ, ನೂರೈವತ್ತು ಅಡಿ ಆಚೆಗೆ ಕುಸುಬಿ ಬೇಯಿಸುವ ಮನೆ. ನಡುವೆ ಕಂಬಗಳ ಮೇಲೆ ನಾಲ್ಕು ಇಂಚಿನ ಉಗಿಯ ಪೈಪು. ಅಂಗಳದ ನಡುವೆ ಒಂದು ಬೇವಿನ ಮರ. ಅದರ ನೆರಳಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಮೊರ ಹಿಡಿದು ಕುಸುಬಿ ಹಸನು ಮಾಡುತ್ತಿದ್ದರು. ಅವರಲ್ಲಿ ನಮ್ಮ ಅವ್ವನೂ ಒಬ್ಬಳು. ಪೈಪು ಸರಿಯಾಗಿ ಅವರ ನೆತ್ತಿಯ ಮೇಲೆ ಹಾಯುತ್ತಿತ್ತು.

ಪೈಪಿನ ಕೆಲಸ ಮಾವನದು, ಕೈಯಾಳು ನಾನು. ಬೇವಿನ ಮರದ ಹತ್ತಿರ ಬಂದಾಗ ಮಾವ ನೆಟ್ಟಗೆ ಹೋಗುತ್ತಿದ್ದ ಪೈಪನ್ನು ಪಕ್ಕಕ್ಕೆ ತಿರುಗಿಸಿ, ಎಂಟು ಅಡಿ ಹೊರಗೆ ಒಯ್ದು, ಐದು ಅಡಿ ಮುಂದಕ್ಕೆ ತಂದು, ಮತ್ತೆ ಎಂಟು ಅಡಿ ಒಳಗೆ ತಂದು ಮೊದಲಿನ ಗೆರೆಗೆ ಕೂಡಿಸಿದ. ಬಾಗಿಲ ಚೌಕಟ್ಟನ್ನು ಅಡ್ಡ ಮಲಗಿಸಿದಂತೆ ಕಾಣುತ್ತಿತ್ತು. ಇದಕ್ಕೆ ಲೂಪು ಅನ್ನುತ್ತಾರೆ.

ಸಾವಕಾರರು ಬಂದು ತಲೆ ಎತ್ತಿ ನೋಡಿದರು. ನೋಡಿ, "ಮಿಸ್ತ್ರಿ, ನೆಟ್ಟಗ ಹೊಂಟಿದ್ದ ಪೈಪು ಇಲ್ಲಿ ಬಂದು ಯಾಕ ಸೊಂಟ ತಿರುವ್ಯದ?" ಅಂದರು.

"ಬಿಸಿ ಆದ್ರ ಪೈಪು ಉದ್ದ ಆಗ್ತದ್ರಿ, ಸಾವಕಾರ್ರ. ಉದ್ದ ಆಗಾಕ ಜಾಗಾ ಬೇಕು. ಇದು ಆ ಜಾಗಾ."

"ಕಬ್ಬಿಣ ಉದ್ದ ಆಗ್ತದ? ಹಂಗಿದ್ರ ಬ್ಯಾಸಿಗ್ಯಾಗ ನನ್ನ ತಿಜೋರಿ ದೊಡ್ಡದಾಗಬೇಕಿತ್ತಲ್ಲ."

ಹೆಣ್ಣುಮಕ್ಕಳು ನಕ್ಕರು. ಮಾವ ನಗಲಿಲ್ಲ.

"ನೀವು ಧೋತರ ಉಟ್ಟೀರಿ. ಪೂರಾ ಬಿಗಿದು ಉಟ್ರ ಕೂಡಾಕ ಬರ್ತದೇನ್ರಿ? ಜರಾ ಸಡಿಲ ಬಿಡಬೇಕಲ್ಲ?"

ಈ ಸಲ ಹೆಣ್ಣುಮಕ್ಕಳು ಇನ್ನೂ ಜೋರಾಗಿ ನಕ್ಕರು. ಸಾವಕಾರರು ನಗಲಿಲ್ಲ. ಧೋತರದ ಮಾತು ಅವರ ಮನಸ್ಸಿನಲ್ಲಿ ಉಳಿಯಿತು ಅಂತ ಕಾಣುತ್ತದೆ.

ಮುಂದಿನ ಅಮಾವಾಸ್ಯೆಗೆ ಮಾವ ಮತ್ತು ಅತ್ತೆ ಘತ್ತರಗಿಗೆ ದೇವಿಯ ದರ್ಶನಕ್ಕೆ ಹೋದರು. ಅವರು ಹೋದ ಬಸ್ಸಿನ ಧೂಳು ಇಳಿದಿರಲಿಲ್ಲ, ಸಾವಕಾರರು ನನ್ನನ್ನು ಕರೆದರು.

"ನೋಡು ತಮ್ಮಾ. ಬಾಯ್ಲರ್ ಮನೀಗೆ ಒಬ್ಬ ಹತ್ತನೇತ್ತಿ ಪಾಸಾದಾಂವ ಬೇಕಾಗ್ಯಾನ. ಕಾಯಂ ನೌಕರಿ. ಆ ಡೊಂಕ ಕಡದು ಪೈಪು ನೆಟ್ಟಗ ಮಾಡು. ನೌಕರಿ ನಿಂದ."

ನಾನೇನು ಮಾಡಬೇಕಿತ್ತು ಅಂತ ನೀವು ಹೇಳುವುದು ಸುಲಭ. ನನಗೆ ಇಪ್ಪತ್ತೇಳು. ನಾಲ್ಕು ಕಡೆ ಹೆಣ್ಣು ಕೇಳಿದ್ದರು, ನಾಲ್ಕು ಕಡೆಯೂ "ಹುಡುಗಗ ಕಾಯಂ ಕೆಲಸ ಅದನು?" ಅಂತ ಕೇಳಿ ಬಿಟ್ಟಿದ್ದರು. ಅವ್ವನ ಬೆರಳುಗಳಲ್ಲಿ ಕುಸುಬಿಯ ಮುಳ್ಳು ಚುಚ್ಚಿ ಗಂಟು ಕಟ್ಟಿದ್ದವು. ಪೈಪು ಉದ್ದವಾಗುವ ಪುಟವನ್ನು ನಾನೇ ಮಾವನಿಗೆ ಓದಿ ಹೇಳಿದವನು. ಆದರೂ ಸಾವಕಾರರು ಮುಂದೆ ನಿಂತು ಕಾಯಂ ಅಂದಾಗ, ಪುಸ್ತಕ ಬರೆದವರು ಜೇವರ್ಗಿ ನೋಡಿದವರಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೂಪು ಕಡಿದೆ. ನಡುವೆ ನೆಟ್ಟನೆಯ ತುಂಡು ಇಟ್ಟು ಎರಡೂ ಕಡೆ ವೆಲ್ಡ್ ಮಾಡಿದೆ.

ಸಾವಕಾರರು ಯಾವುದನ್ನೂ ಕೆಡಿಸುವವರಲ್ಲ. ಕಡಿದ ಲೂಪನ್ನು ಒಯ್ದು ಗಿರಣಿಯ ಸಣ್ಣ ಗೇಟಿಗೆ ಕಮಾನು ಮಾಡಿ ನಿಲ್ಲಿಸಿದರು. ಕುಂಕುಮ ಹಚ್ಚಿ, ಮಾವಿನೆಲೆಯ ತೋರಣ ಕಟ್ಟಿ, ಕಾಯಿ ಒಡೆಸಿದರು.

ಮೂರನೆಯ ದಿನ ಮಾವ ಘತ್ತರಗಿಯಿಂದ ಬಂದ. ಹಣೆಯಲ್ಲಿ ಭಂಡಾರ, ಕೈಯಲ್ಲಿ ಪ್ರಸಾದದ ಗಂಟು. ಗೇಟಿನ ಹತ್ತಿರ ಬಂದವನು ಹಾಗೇ ನಿಂತ. ಮೇಲೆ ನೋಡಿದ. ಅವನೇ ಸೀಮೆಸುಣ್ಣದಿಂದ ಬರೆದಿದ್ದ ಜಾಯಿಂಟಿನ ನಂಬರುಗಳು ತೋರಣದ ಎಲೆಗಳ ನಡುವೆ ಇನ್ನೂ ಕಾಣುತ್ತಿದ್ದವು. ಕಮಾನಿನ ಕೆಳಗಿನಿಂದಲೇ ಒಳಗೆ ಬಂದ. ಬೇವಿನ ಮರದ ಹತ್ತಿರ ಹೋಗಿ, ಏಣಿ ಹಾಕಿ, ಹೊಸ ವೆಲ್ಡಿನ ಮೇಲೆ ಬೆರಳಾಡಿಸಿ ಇಳಿದ. ನಾನು ಬಾಯ್ಲರ್ ಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ನಿಂತಿದ್ದೆ.

ಸಾವಕಾರರು ಕಾಗದ ಹಿಡಿದು ಬಂದರು. ಬಾಯ್ಲರ್ ತಪಾಸಣೆಯ ಸಾಹೇಬರಿಗೆ ತೋರಿಸುವ ಪರೀಕ್ಷೆಯ ಕಾಗದ. ಅದರ ಕೆಳಗೆ ಅನುಭವಸ್ಥ ಫಿಟ್ಟರನ ಸಹಿ ಬೇಕು.

"ಮಿಸ್ತ್ರಿ, ಸಹಿ ಒತ್ತು. ಪೈಪು ನೆಟ್ಟಗ ಆಗ್ಯದ. ನಿನ್ನ ಅಳಿಯನ ಬದುಕೂ ನೆಟ್ಟಗ ಆಗ್ತದ."

"ಲೂಪು ಕೂಡಸ್ರಿ, ಒತ್ತತೇನಿ."

"ನಿನ್ನ ಒಂದೂವರೆ ಪಟ್ಟಿನ ಪರೀಕ್ಷಾ ಮಾಡು. ತಡದ್ರ ಒತ್ತತಿ ಇಲ್ಲೋ? ಮೂರೂ ತಾಲೂಕಿಗೆ ಅದನ್ನ ಹೇಳಕೋತ ತಿರಗಿದಿ."

ಸಾವಕಾರರು ಬಿಗಿದದ್ದು ಸರಿಯಾದ ಬೋಲ್ಟನ್ನೇ. ಮಾವ ನೀರು ತುಂಬಿಸಿದ, ಕೈಪಂಪು ಒತ್ತಿದ, ಗಡಿಯಾರದ ಮುಳ್ಳನ್ನು ಒಂದೂವರೆ ಪಟ್ಟಿಗೆ ಏರಿಸಿದ. ಒಂದು ತಾಸು ಎಲ್ಲರೂ ಮುಳ್ಳು ನೋಡುತ್ತ ಕೂತೆವು. ಮುಳ್ಳು ಕದಲಲಿಲ್ಲ. ಪೈಪಿನಿಂದ ಒಂದು ಹನಿ ಬೀಳಲಿಲ್ಲ. ಮಂಚ ಮುರಿದ, ಮಗಳ ಗಂಡನ ಹೊಟ್ಟೆ ಅಳೆದ ಆ ಮಹಾ ಪರೀಕ್ಷೆಯಲ್ಲಿ ನನ್ನ ಕಳ್ಳ ಪೈಪು ಮೊದಲ ದರ್ಜೆಯಲ್ಲಿ ಪಾಸಾಗಿತ್ತು.

"ಈಗ?" ಅಂದರು ಸಾವಕಾರರು.

"ಇದು ತಣ್ಣೀರಿನ ಪರೀಕ್ಷಾ. ತಣ್ಣೀರಿಗೆ ಉಗಿ ಸಂಕಟ ಗೊತ್ತಿಲ್ರಿ," ಅಂದ ಮಾವ. ಪೆನ್ನು ಮುಟ್ಟಲಿಲ್ಲ.

ಊರು ನಕ್ಕಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಮಿಸ್ತ್ರಿಯ ಧರ್ಮ ಮಿಸ್ತ್ರಿಗೇ ತಿರುಗಿ ಬಡಿಯಿತು ಅಂತ ಮಾತಾಡಿಕೊಂಡರು. ನನಗೆ ನಗು ಬರಲಿಲ್ಲ. ಊಟಕ್ಕೆ ಕೂತಾಗ ಸಿಟ್ಟು ತಡೆಯಲಾಗದೆ ಕೇಳಿದೆ:

"ಮಾವಾ, ಒಂದು ಸಹಿ ಹಾಕಿದ್ರ ನಿನ್ನ ಗಂಟೇನು ಹೋಗ್ತದ? ನಿನ್ನ ಹಟಕ್ಕ ನಾ ಸಾಯತನಕ ಕೂಲಿ ಮಾಡಬೇಕೇನು?"

ಮಾವ ರೊಟ್ಟಿ ಮುರಿಯುತ್ತ, "ಅಕ್ಕ ಎಲ್ಲಿ ಕೂಡ್ತಾಳ?" ಅಂದ.

"ಬೇವಿನ ಗಿಡದ ಕೆಳಗ."

"ಮ್ಯಾಲ ಏನದ?"

ಅಷ್ಟು ಕೇಳಿ ಮಾವ ಪಲ್ಯ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಅವನೇ ಸಾವಕಾರರ ಹತ್ತಿರ ಹೋದ. "ಉಗಿ ಬಿಟ್ಟ ನೋಡೋಣ್ರಿ. ಪೈಪು ಉದ್ದ ಆಗಲಿಲ್ಲಂದ್ರ ನಾ ಸಹಿ ಹಾಕಿ, ಪಾನಾ ನಿಮ್ಮ ಕಾಲಾಗ ಇಟ್ಟು ಹೋಗ್ತೇನಿ. ಆದ್ರ ಅಂಗಳದಾಗ ಒಂದು ನರಪಿಳ್ಳಿ ಇರಬಾರ್ದು. ಒಂದು ಗ್ವಾಡಿ ಒಡದೀತು, ಅದಕ್ಕ ತಯಾರ ಇರ್ರಿ."

"ಒಡೀಲಿ," ಅಂದರು ಸಾವಕಾರರು. ಗೋಡೆ ಒಡೆಯುತ್ತದೆ ಅನ್ನುವುದನ್ನು ಅವರು ನಂಬಿದ್ದರೆ ಆ ಮಾತು ಆಡುತ್ತಿರಲಿಲ್ಲ.

ಹೆಣ್ಣುಮಕ್ಕಳನ್ನೆಲ್ಲ ಗೇಟಿನ ಹೊರಗೆ ಕಳಿಸಲಾಯಿತು. ಅವ್ವ ಮೊರ ಬಗಲಲ್ಲಿಟ್ಟುಕೊಂಡು ಗೊಣಗುತ್ತ ಹೋದಳು: "ಈ ನನ್ನ ತಮ್ಮಗ ದೇವಿ ಏನ ಬುದ್ಧಿ ಕೊಟ್ಟಾಳೋ." ನಾನು ವಾಲ್ವಿನ ಚಕ್ರಕ್ಕೆ ಕೈ ಹಾಕಿದೆ. ಮಾವ ನನ್ನ ಕೈ ಸರಿಸಿ, "ನೀ ಹೊರಗ ನಡಿ. ಇದು ನಾ ತೆರೀತೇನಿ," ಅಂದ.

ಕಾಲು ಸುತ್ತು ತೆರೆದು ನಿಂತ. ಮತ್ತೆ ಕಾಲು ಸುತ್ತು. ಪೈಪು ಒಳಗೊಳಗೇ ಟಕ್ ಟಕ್ ಅನ್ನತೊಡಗಿತು. ನಾವು ಗೇಟಿನಿಂದ ನೋಡುತ್ತಿದ್ದೆವು. ಮೊದಲು ಏನೂ ಆಗಲಿಲ್ಲ. ಸಾವಕಾರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಬೇವಿನ ಮರದ ಹತ್ತಿರ ಪೈಪು ನಿಧಾನವಾಗಿ ಬಿಲ್ಲಿನಂತೆ ಬಾಗಿತು. ಒಂದು ಕಂಬದ ಮೇಲಿನಿಂದ ಧಡ್ಡನೆ ಪಕ್ಕಕ್ಕೆ ಜಿಗಿಯಿತು. ಅತ್ತ ಕುಸುಬಿ ಬೇಯಿಸುವ ಮನೆಯ ಹೊಸ ಗೋಡೆ ಹೊಟ್ಟೆ ಮುಂದೆ ಮಾಡಿ, ಅಡ್ಡಕ್ಕೆ ಸೀಳಿ, ನಾಲ್ಕು ಇಟ್ಟಿಗೆ ಉದುರಿಸಿತು. ಮರದ ಕೆಳಗಿನ ಫ್ಲ್ಯಾಂಜು ಒಂದು ಕಡೆ ಬಾಯಿ ತೆರೆದು ಉಗಿ ಉಗುಳತೊಡಗಿತು. ಉಗಿ ನೇರವಾಗಿ ಕೆಳಗೆ, ಹೆಣ್ಣುಮಕ್ಕಳು ಹಾಸಿ ಬಿಟ್ಟುಹೋದ ಗೋಣಿತಟ್ಟಿನ ಮೇಲೆ ಬೀಳುತ್ತಿತ್ತು.

ಮಾವ ವಾಲ್ವು ಮುಚ್ಚಿದ. ಉಗಿ ನಿಂತ ಮೇಲೆ ನೋಡಿದರೆ, ಅವ್ವ ಕೂಡುವ ಜಾಗದ ತಟ್ಟು ಬೆಂದು ಸುರುಟಿಕೊಂಡಿತ್ತು.

ಸಾವಕಾರರು ಗೋಡೆ ನೋಡಿದರು, ತಟ್ಟು ನೋಡಿದರು, ಆಮೇಲೆ ತಮ್ಮ ಧೋತರ ನೋಡಿಕೊಂಡರು. ಕೊನೆಗೆ, "ಮಿಸ್ತ್ರಿ, ಲೂಪು ಕೂಡಸು," ಅಂದರು.

"ಗೇಟಿನಾಗಿಂದ ತಗೀಲ್ರಿ?"

"ಅದು ಬ್ಯಾಡ. ಅದಕ್ಕ ಪೂಜಾ ಆಗ್ಯದ. ಹೊಸ ಪೈಪು ತರಸ್ತೇನಿ."

ಅವರು ಹೋದ ಮೇಲೆ ನಾನು ಮಾವನ ಮುಂದೆ ನಿಂತೆ.

"ಮಾವಾ, ಲೂಪು ಕಡದಾಂವ ನಾನು."

"ಗೊತ್ತದ."

"ಸಾವಕಾರ್ರು ಹೇಳಿದ್ರೇನು?"

"ಅವರ್ಯಾಕ ಹೇಳಬೇಕು? ನಿನ್ನ ವೆಲ್ಡ್ ನಿನ್ನ ಅಕ್ಷರ ಇದ್ದಂಗ ಅದ. ಮೊದಲು ಛಲೋ ಇರ್ತದ, ಕಡೀಕ ಬಂದಕೂಡ್ಲೆ ಗಡಿಬಿಡಿ ಮಾಡ್ತಿ." ಅಷ್ಟು ಹೇಳಿ ಏಣಿ ಹತ್ತಿದ. ನನ್ನನ್ನೂ ಹತ್ತಿಸಿಕೊಂಡ. ನನ್ನ ಎರಡೂ ವೆಲ್ಡಿನ ಮೇಲೆ ನನ್ನದೇ ಬೆರಳು ಇಡಿಸಿದ. "ಗ್ವಾಡಿ ಹೋತು. ಗ್ಯಾಸ್ಕೆಟ್ ಹೋತು. ಇವು ಹೋಗಲಿಲ್ಲ ನೋಡು. ಬುದ್ಧಿ ಕೆಟ್ಟಿತ್ತು ಖರೆ, ಕೈ ಕೆಟ್ಟಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಹೊಸ ಲೂಪಿನ ಎಲ್ಲ ಜಾಯಿಂಟುಗಳನ್ನೂ ಮಾವ ನನ್ನ ಕೈಯಿಂದಲೇ ಮಾಡಿಸಿದ. ಒಂದೊಂದರ ಕೊನೆಗೆ ಬಂದಾಗ, "ಹಗೂರಕ, ಹಗೂರಕ, ಬಸ್ಸೇನು ಹೊಂಟಿಲ್ಲ," ಅನ್ನುತ್ತ ಕೆಳಗೆ ನಿಂತ. ನೀರಿನ ಪರೀಕ್ಷೆ ಆಯಿತು. ಕಾಗದ ಬಂತು. ಮಾವ ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬೋಲ್ಟಿನಂತೆ ಬಿಗಿದು, ಕನ್ನಡದಲ್ಲಿ ಸಹಿ ಹಾಕಿದ. ಸಾವಕಾರರು ಮಾತು ಉಳಿಸಿಕೊಂಡರು. ನಾನು ಬಾಯ್ಲರ್ ಮನೆಗೆ ಕಾಯಂ ಆದೆ.

ಮೊದಲ ಸಲ ನಿಜವಾದ ಉಗಿ ಬಿಡುವ ದಿನ ಬಂತು. ಹೆಣ್ಣುಮಕ್ಕಳು ಅಂಗಳಕ್ಕೆ ಬಂದರು, ಆದರೆ ಬೇವಿನ ನೆರಳಿಗೆ ಯಾರೂ ಹೋಗಲಿಲ್ಲ. ಬಿಸಿಲಲ್ಲೇ, ಗೋಡೆಯ ಪಕ್ಕದಲ್ಲಿ ಗುಂಪುಗಟ್ಟಿ ಕೂತರು. ಅವ್ವನೂ ಅಲ್ಲೇ ಕೂತಳು. ಬೆಂದ ತಟ್ಟು ಎಲ್ಲರ ಕಣ್ಣಲ್ಲೂ ಇತ್ತು. ನನ್ನ ಕಣ್ಣಲ್ಲೂ ಇತ್ತು. ವಾಲ್ವಿನ ಚಕ್ರ ಹಿಡಿದ ಕೈ ತಿರುಗಲೊಲ್ಲದು.

ಮಾವನ ಕೆಲಸ ಮುಗಿದಿತ್ತು. ಬೆಳಗಿನ ಬಸ್ಸಿಗೆ ಅಫಜಲಪುರಕ್ಕೆ ಹೋಗಬೇಕಾದವನು ಹೋಗಲಿಲ್ಲ. ಅಂಗಳಕ್ಕೆ ಬಂದು, ಮೂಲೆಯಲ್ಲಿದ್ದ ಹೊಸ ತಟ್ಟೊಂದನ್ನು ಎತ್ತಿಕೊಂಡು, ಬೇವಿನ ಮರದ ಕೆಳಗೆ, ಸರಿಯಾಗಿ ಲೂಪಿನ ಅಡಿಯಲ್ಲಿ ಹಾಸಿದ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂಗಿದ:

"ಅಕ್ಕಾ, ಒಂದು ಮೊರ ಕೊಡು."

"ತಮ್ಮಾ, ಅಲ್ಲಿ ಯಾಕ ಕುಂತಿ?"

"ನೆರಳದ."

ಅವ್ವ ಒಂದು ಗಳಿಗೆ ಅವನನ್ನು ನೋಡಿದಳು. ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ನಾನು ಕಾಲು ಸುತ್ತು ತೆರೆದೆ. ಮತ್ತೆ ಕಾಲು ಸುತ್ತು. ಪೈಪು ಟಕ್ ಅಂತು. ಲೂಪು ಮೂರು ಬೆರಳಿನಷ್ಟು ಒಳಕ್ಕೆ ಕುಗ್ಗಿ, ಉಸಿರು ಬಿಟ್ಟಂತೆ ಸುಮ್ಮನಾಯಿತು.

ಮಾವನಿಗೆ ಕುಸುಬಿ ಹಸನು ಮಾಡಲು ಬರುತ್ತಿರಲಿಲ್ಲ. ಕಾಳು ಹೊರಗೆ ಚೆಲ್ಲುತ್ತಿತ್ತು, ಕಲ್ಲು ಮೊರದಲ್ಲೇ ಉಳಿಯುತ್ತಿತ್ತು.

"ಮಿಸ್ತ್ರಿ, ನೀವು ಹಸನ ಮಾಡಾಕತ್ತೀರೋ, ಬಿತ್ತಾಕತ್ತೀರೋ?" ಅಂದಳು ಒಬ್ಬಳು.

ಅವನು ಮುಳ್ಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕ. ನಾನು ಬಾಯ್ಲರ್ ಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದೆ. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿದ, ಅಲ್ಲೇ ಸ್ವಲ್ಪ ಹೊತ್ತು ಅಡ್ಡಾದ. ಹೊತ್ತು ಮುಳುಗುವ ತನಕ ಅವನು ಒಂದು ಸಲವೂ ತಲೆ ಎತ್ತಿ ಮೇಲೆ ನೋಡಲಿಲ್ಲ.